ಕಿಟಕಿ ಇಳಿಸಿಕೊಂಡು ಓಡಾಡಿದ ಮಳೆಗಾಲ

ಪೆಟ್ರೋಲ್ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವವರಿದ್ದಾರೆ. ನನಗೆ ಆ ವಾಸನೆ ಚಿಕ್ಕಂದಿನಿಂದಲೂ ಇಷ್ಟ. ಹೇಳಿದರೆ ನಗುತ್ತಾರೆ ಅಂತ ಯಾರಿಗೂ ಹೇಳುವುದಿಲ್ಲ. ಮೊನ್ನೆ ಮಾಗಡಿ ರಸ್ತೆಯ ಬಂಕಿನಲ್ಲಿ ನಮ್ಮ ಹಳೇ ಕಾರಿಗೆ ಪೆಟ್ರೋಲ್ ಹಾಕಿಸುತ್ತಿದ್ದಾಗ ಮಳೆ ಶುರುವಾಯಿತು. ಕಾದ ನೆಲಕ್ಕೆ ದಪ್ಪ ಹನಿ ಬಿದ್ದು ಎದ್ದ ವಾಸನೆಗೆ ಪೆಟ್ರೋಲಿನ ವಾಸನೆ ಸೇರಿಕೊಂಡಿತು. "ಝೀರೋ ನೋಡ್ಕೊಳ್ಳಿ ಸಾರ್," ಅಂದ ಬಂಕಿನವನು. ನನ್ನ ಗಂಡ ನಟರಾಜ್ ಝೀರೋ ನೋಡಲಿಲ್ಲ, ಅದರ ಕೆಳಗಿನ ರೇಟು ನೋಡಿದರು. "ಮತ್ತೆ ಏರ್ಸಿದಾರೆ ಕಣೇ!" ಅಂತ ಕಿಟಕಿಯೊಳಗೆ ತಲೆ ಹಾಕಿ ನನಗೆ ಹೇಳಿದರು, ಏರಿಸಿದವಳು ನಾನೇ ಎನ್ನುವ ಹಾಗೆ. ಆ ವಾಸನೆ, ಆ ಮಾತು, ತೆರೆದ ಕಿಟಕಿಯಿಂದ ಮೊಣಕೈ ಮೇಲೆ ಬೀಳುತ್ತಿದ್ದ ಹನಿ, ಎಲ್ಲ ಸೇರಿ ನನ್ನನ್ನು ಇನ್ನೊಂದು ಮಳೆಗಾಲಕ್ಕೆ ಎಳೆದುಕೊಂಡು ಹೋದವು. ಪೆಟ್ರೋಲ್ ಮೊದಲ ಸಲ ಲೀಟರಿಗೆ ನೂರು ರೂಪಾಯಿ ದಾಟಿದ ವರ್ಷ ಅದು.

ಆಗ ಕಾಯಿಲೆಯ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಎಲ್ಲರೂ ಕೆಲಸಕ್ಕೆ ಹೊರಟಿದ್ದೆವು. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಶ್ರೀಗಂಧದ ಕಾವಲಿನ ನಮ್ಮ ಮನೆಯಿಂದ ಶಾಲೆಗೆ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ನಟರಾಜ್ ಆಫೀಸೂ ಅದೇ ದಿಕ್ಕಿನಲ್ಲಿ, ನನ್ನ ಶಾಲೆಯಿಂದ ಸ್ವಲ್ಪ ಮುಂದೆ. ಆದರೂ ಅವರಿಗೆ ಕಾರು, ನನಗೆ ಸ್ಕೂಟರ್. ಒಂದೇ ಮನೆಯಿಂದ ಒಂದೇ ರಸ್ತೆಗೆ ಎರಡು ಗಾಡಿ ಯಾಕೆ ಅಂತ ನಾವು ಯೋಚಿಸಿಯೇ ಇರಲಿಲ್ಲ. ಬೆಳಿಗ್ಗೆ ಹೊತ್ತು ಅವರಿಗೆ ನನ್ನ ಅವಸರ ಆಗುತ್ತಿರಲಿಲ್ಲ, ನನಗೆ ಅವರ ನಿಧಾನ ಆಗುತ್ತಿರಲಿಲ್ಲ, ಅಷ್ಟೇ.

ಬೆಲೆ ನೂರು ದಾಟಿದ ದಿನ ಅವರು ಪೇಪರ್ ಮಡಿಸಿಟ್ಟು, "ಇವತ್ತಿಂದ ಒಂದೇ ಗಾಡಿ," ಅಂತ ಘೋಷಿಸಿದರು. ಸ್ಕೂಟರಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ದಾಯಿತು. ಅಲ್ಲಿಗೆ ನಿಂತಿದ್ದರೆ ಸರಿಯಿತ್ತು. ಕಾರಿನ ಡಿಕ್ಕಿಯಲ್ಲಿ ಎಷ್ಟೋ ವರ್ಷದಿಂದ ಬಿದ್ದುಕೊಂಡಿದ್ದ ಮುರಿದ ಛತ್ರಿ, ಹಳೇ ಚಪ್ಪಲಿ, ಗಣೇಶನ ಮಂಟಪದ ಕಂಬ ಎಲ್ಲ ಹೊರಗೆ ಬಂದವು. ತೂಕ ಜಾಸ್ತಿಯಾದರೆ ಗಾಡಿ ಹೆಚ್ಚು ಪೆಟ್ರೋಲ್ ಕುಡಿಯುತ್ತದಂತೆ. ಶನಿವಾರ ಬಂದರೆ ಟೈರಿಗೆ ಗಾಳಿ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡ ಕೂಡಲೇ ಎಂಜಿನ್ ಆಫ್. ಎಲ್ಲಕ್ಕಿಂತ ದೊಡ್ಡ ಶಿಕ್ಷೆ, ಎಸಿ ಬಂದ್. ನಮ್ಮದು ಹಳೇ ಕಾಲದ ಪುಟ್ಟ ಕಾರು, ಅದರ ಕಿಟಕಿಗೆ ಬಟನ್ ಇಲ್ಲ. ಬಾಗಿಲಲ್ಲಿರುವ ಹಿಡಿಯನ್ನು ಕೈಯಿಂದ ತಿರುಗಿಸಬೇಕು, ಆಗ ಗಾಜು ಏರುತ್ತದೆ, ಇಳಿಯುತ್ತದೆ. ಇಳಿಸಿದರೆ ಸುಮನಹಳ್ಳಿಯ ಧೂಳು, ಏರಿಸಿದರೆ ಬೆವರು.

"ನೀವು ಉಳಿಸೋ ಪೆಟ್ರೋಲೆಲ್ಲ ನನ್ನ ಸೀರೆ ಒಗೆಯೋ ಸೋಪಿಗೆ ಸರಿಹೋಗತ್ತೆ," ಅಂತ ನಾನು ಸಿಡುಕುತ್ತಿದ್ದೆ.

"ದೇಶಕ್ಕೋಸ್ಕರ ಒಂಚೂರು ಧೂಳು ಕುಡಿ," ಅನ್ನುತ್ತಿದ್ದರು.

ಹುಚ್ಚು ಮನೆಯೊಳಗೂ ಹಬ್ಬಿತು. ನೀರು ಕುಡಿಯಲು ಎದ್ದು ಬರುವುದರೊಳಗೆ ರೂಮಿನ ಫ್ಯಾನ್ ನಿಂತಿರುತ್ತಿತ್ತು. ಗೀಸರ್ ಹಾಕಿ ಟವೆಲ್ ಹುಡುಕುವಷ್ಟರಲ್ಲಿ ಆಫ್. ಒಂದು ಸಂಜೆಯಂತೂ ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗಲೇ ಲೈಟ್ ಆರಿಸಿ ಹೊರಟರು. "ರೀ, ನಾನಿನ್ನೂ ಬದುಕಿದೀನಿ!" ಅಂತ ಕತ್ತಲಿನಿಂದ ಕೂಗಿದೆ. ಅವರು ವಾಪಸ್ ಬಂದು ಲೈಟ್ ಹಾಕಿದರು, ಒಂದು 'ಸಾರಿ' ಅನ್ನಬೇಡವೇ ಆ ಮನುಷ್ಯ?

ಇನ್ನು ಪಕ್ಕದ ಮನೆಯ ವಿಷಯ ಹೇಳಬೇಕು. ಗುರುಮೂರ್ತಿ ಮತ್ತು ಲಲಿತ. ಗುರುಮೂರ್ತಿ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವವರು. ಲಲಿತ ನನ್ನ ಗೆಳತಿ, ಬಾಯಿ ತೆರೆದರೆ ಮುಚ್ಚದ ಹೆಂಗಸು. ನಮ್ಮೆರಡು ಮನೆಯ ನಡುವಿನ ಕಾಂಪೌಂಡ್ ಗೋಡೆಯ ಮೇಲೆ ಹುಳಿ, ಗೊಜ್ಜು, ಕೋಸಂಬರಿ ದಾಟಿದಷ್ಟೂ ಮಾತು ದಾಟುತ್ತಿತ್ತು. ನನ್ನ ಗಂಡನನ್ನು ಅವಳು 'ನಟಣ್ಣ' ಅನ್ನುವಳು. "ನಟಣ್ಣ, ನಿಮ್ ಹೆಂಡ್ತಿ ಇವತ್ತೂ ಸಾರಿಗೆ ಉಪ್ಪು ಮರೆತಿದಾಳೆ, ಊಟಕ್ಕೆ ಕೂರೋ ಮುಂಚೆ ನೋಡ್ಕೊಳ್ಳಿ," ಅಂತ ಗೋಡೆಯಾಚೆಯಿಂದ ಚಾಡಿ ಹೇಳುವಳು. ಇವರು ನಗುವರು.

ಆ ನಗು ನಿಂತದ್ದು ಒಂದು ಕಾರಿನ ದೆಸೆಯಿಂದ. ಗುರುಮೂರ್ತಿ ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ತಂದರು. ನಿಲ್ಲಿಸಲು ಮನೆಯಲ್ಲಿ ಜಾಗವಿಲ್ಲ, ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿದೆ? ಕಾರಿನ ಮೂತಿ ನಮ್ಮ ಗೇಟಿನ ಮುಂದಕ್ಕೆ ಬಂತು. ನಟರಾಜ್ ರಸ್ತೆಯ ಮೇಲೆ ಎರಡು ಸಿಮೆಂಟ್ ಕುಂಡ ತಂದಿಟ್ಟರು, ಒಂದರಲ್ಲಿ ಕಣಗಿಲೆ, ಇನ್ನೊಂದರಲ್ಲಿ ದಾಸವಾಳ. ಬೆಂಗಳೂರಿನಲ್ಲಿ ರಸ್ತೆಗೆ ಕುಂಡ ಇಡುವುದು ಹೂವಿಗಲ್ಲ, ಜಾಗ ಹಿಡಿಯುವುದಕ್ಕೆ ಅಂತ ಎಲ್ಲರಿಗೂ ಗೊತ್ತು. ರಿವರ್ಸ್ ತೆಗೆಯುವಾಗ ಗುರುಮೂರ್ತಿಯವರ ಕಾರು ತಗುಲಿ ಕಣಗಿಲೆಯ ಕುಂಡ ಒಡೆಯಿತು. "ರಸ್ತೆ ಏನ್ ನಿಮ್ಮಪ್ಪಂದಾ?" ಅಂದರು ಅವರು. "ಕಣ್ಣಾದ್ರೂ ನಿಮ್ದೇನಾ?" ಅಂದರು ಇವರು. ಮುಗಿಯಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಒಡೆದ ಕುಂಡವನ್ನು ನಟರಾಜ್ ಎತ್ತಲೂ ಇಲ್ಲ, ಬದಲಿಸಲೂ ಇಲ್ಲ, ಸಾಕ್ಷಿಗೆ ಇರಲಿ ಎಂಬಂತೆ ಅಲ್ಲೇ ಬಿಟ್ಟರು. ವರ್ಷಗಳು ಹೋದವು. ಕಾಯಿಲೆಯ ಕಾಲದಲ್ಲಿ ಸಂಬಳ ಕಡಿತವಾಗಿ, ಮೇಲೆ ಪೆಟ್ರೋಲೂ ಏರತೊಡಗಿ, ಗುರುಮೂರ್ತಿ ಆ ಕಾರನ್ನು ಮಾರಿಯೇಬಿಟ್ಟರು. ಕಾರು ಹೋಯಿತು, ಜಗಳ ಮಾತ್ರ ಉಳಿಯಿತು. ನಾನೂ ಲಲಿತಳೂ ಭಾನುವಾರ ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಿಲ ಗೋಡೆಯ ಹತ್ತಿರ ಪಿಸಪಿಸ ಮಾತಾಡಿಕೊಳ್ಳುತ್ತಿದ್ದೆವು, ಕಾಲೇಜು ಹುಡುಗಿಯರ ಹಾಗೆ.

ಬೆಲೆ ನೂರು ದಾಟಿದ ಆ ವರ್ಷದ ಆಷಾಢದಲ್ಲಿ ಲಲಿತಳಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ನಿಂತೇಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಯಾರ ಜಗಳವನ್ನೂ ಲೆಕ್ಕಿಸದೆ ಮುಂಬಾಗಿಲಿನಿಂದಲೇ ಹೋದೆ. ಮಂಚದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ತುಟಿ ಆಡಿಸಿದಳು. ಏನೂ ಬರಲಿಲ್ಲ. ಮತ್ತೆ ಆಡಿಸಿದಳು, ಬರೀ ಉಸಿರು ಬಂತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಬೇರೆ ಯಾರ ಮಾತು ನಿಂತಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ, ಲಲಿತಳ ಮಾತು ನಿಲ್ಲುವುದೆಂದರೇನು?

ವ್ಯಾಯಾಮ ತೋರಿಸಿಕೊಡಲು ಫಿಸಿಯೋಥೆರಪಿ ಕೇಂದ್ರದಿಂದ ಒಬ್ಬ ಹುಡುಗಿ ಬಂದಿದ್ದಳು, ಧಾರವಾಡದ ಕಡೆಯವಳು. ಮುಂದಿನದಕ್ಕೆಲ್ಲ ರಾಜಾಜಿನಗರದ ಕೇಂದ್ರಕ್ಕೇ ವಾರಕ್ಕೆ ಮೂರು ದಿನ ಕರೆದುಕೊಂಡು ಬರಬೇಕು ಅಂದಳು. ಗುರುಮೂರ್ತಿಯವರಿಗೆ ಖಡಾಖಂಡಿತವಾಗಿ ಹೇಳಿದಳು: "ಈ ಮೂರ್ನಾಕು ತಿಂಗಳು ಭಾಳ ಮುಖ್ಯ ನೋಡ್ರಿ ಸರ. ಈಗ ತಪ್ಪಿಸಿದ್ರ ಕೈ ಹಂಗ ಕುಂತ್‌ಬಿಡ್ತದ. ಆಮ್ಯಾಲೆ ಎಷ್ಟ್ ತಿಕ್ಕಿದ್ರೂ ಬರಂಗಿಲ್ಲ."

"ಇಲ್ಲಮ್ಮ, ಒಂದು ದಿನಾನೂ ತಪ್ಪಿಸಲ್ಲ," ಅಂದರು ಗುರುಮೂರ್ತಿ.

ಅಂದಷ್ಟು ಸುಲಭವಾಗಿರಲಿಲ್ಲ. ಬಸ್ಸಿನ ಮೆಟ್ಟಿಲು ಅವಳ ಕಾಲಿಗೆ ಆಗದು. ಮೆಟ್ರೋ ಸ್ಟೇಷನ್ ತಲುಪುವುದಕ್ಕೇ ಆಟೋ ಬೇಕು. ಅವರಿಗಿದ್ದ ಬೈಕಿನ ಹಿಂದೆ ಅವಳನ್ನು ಕೂರಿಸುವ ಹಾಗಿಲ್ಲ. ಒಂದು ಬೆಳಿಗ್ಗೆ ನಾನು ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಕೆಳಗೆ ಗುರುಮೂರ್ತಿ ಲಲಿತಳನ್ನು ತೋಳಲ್ಲಿ ಆನಿಸಿಕೊಂಡು ಗೇಟಿನ ಬಳಿ ನಿಂತಿದ್ದರು, ಇನ್ನೊಂದು ಕೈಯಲ್ಲಿ ಫೋನು. ಬುಕ್ ಮಾಡಿದ ಆಟೋ ಕ್ಯಾನ್ಸಲ್. ಇನ್ನೊಂದೂ ಕ್ಯಾನ್ಸಲ್. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಆಟೋ ಒಂದು ನಿಂತಿತು.

"ರಾಜಾಜಿನಗರ ಅಂದ್ರೆ ಡಬಲ್ ಆಗತ್ತೆ ಸಾರ್," ಅಂದ ಡ್ರೈವರ್.

"ವಾರಕ್ಕೆ ಮೂರು ದಿನ ಹೋಗ್ಬೇಕಪ್ಪ, ಪೇಶೆಂಟು, ನೋಡು."

"ನೋಡಿದೆ ಸಾರ್, ಬೇಜಾರಾಗತ್ತೆ. ಆದ್ರೆ ಗ್ಯಾಸ್ ರೇಟ್ ಎಲ್ಲಿಗೆ ಹೋಗಿದೆ ನೀವೇ ಹೇಳಿ. ಬರ್ತಾ ಖಾಲಿ ಬಂದ್ರೆ ನನ್ ಮನೇಲಿ ಏನ್ ಬೇಯ್ಸೋದು?"

ಆ ಡ್ರೈವರನ ಮೇಲೂ ನನಗೆ ಕೋಪ ಬರಲಿಲ್ಲ, ಅವನ ಮುಖದಲ್ಲೂ ಸಂಕೋಚವೇ ಇತ್ತು. ಅವನು ಹೋದ. ಗುರುಮೂರ್ತಿ ಲಲಿತಳನ್ನು ಮೆಲ್ಲಗೆ ತಿರುಗಿಸಿ ಒಳಗೆ ಕರೆದುಕೊಂಡು ಹೋದರು. ಅವಳ ಬಲಗೈ ಸೆರಗಿನ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅದಾಗಿ ಸ್ವಲ್ಪ ಹೊತ್ತಿಗೇ ನಾನೂ ನಟರಾಜೂ ಅದೇ ರಾಜಾಜಿನಗರಕ್ಕೆ ಹೊರಟೆವು, ಹಿಂದಿನ ಸೀಟು ಖಾಲಿ.

ಅವತ್ತು ಸುಮನಹಳ್ಳಿ ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆದಾಗ ನಾನು ಶುರು ಮಾಡಿದೆ. "ರೀ, ನಾಲ್ಕು ಜನ ಕೂರೋ ಗಾಡೀಲಿ ಇಬ್ಬರೇ ಹೋಗೋದು ಪೆಟ್ರೋಲ್ ದಂಡ ಅಲ್ವಾ?"

ನಟರಾಜ್ ದೀಪವನ್ನೇ ನೋಡುತ್ತಿದ್ದರು. ನಾನು ಎಲ್ಲಿಗೆ ಬರುತ್ತಿದ್ದೇನೆ ಅಂತ ಅವರಿಗೆ ಗೊತ್ತಾಗದೆ ಇರಲಿಲ್ಲ. ಕಿಟಕಿಯಿಂದ ಅವರೂ ಬೆಳಿಗ್ಗೆ ನೋಡಿದ್ದರು, ಆಮೇಲೆ ಹೇಳಿದರು. ಹಸಿರು ಬಿತ್ತು, ಗಾಡಿ ಹೊರಟಿತು, ಕಾಮಾಕ್ಷಿಪಾಳ್ಯವೂ ದಾಟಿತು. ಟೋಲ್‌ಗೇಟ್ ಹತ್ತಿರ ಬಾಯಿಬಿಟ್ಟರು.

"ಪೆಟ್ರೋಲ್ ಶೇರ್ ಮಾಡೋದಾದ್ರೆ ನನ್ನ ಅಭ್ಯಂತರ ಇಲ್ಲ. ಆದ್ರೆ ಅದು ಪೆಟ್ರೋಲ್ ಉಳಿಸೋಕೆ. ತಿಳೀತಾ? ಮಾತುಕತೆ ಏನೂ ಇಲ್ಲ."

ಸಂಜೆ ಗುರುಮೂರ್ತಿಯವರ ಹತ್ತಿರ ಹೋದೆ. ಅವರು ಸ್ವಾಭಿಮಾನದ ಮನುಷ್ಯ. "ಬಿಟ್ಟಿ ಬರೋದು ನಮಗೆ ಅಭ್ಯಾಸ ಇಲ್ಲಮ್ಮ," ಅಂದರು. ಬಿಟ್ಟಿ ಯಾರು ಕರೆದರು, ಈ ರೇಟಿನಲ್ಲಿ ಒಬ್ಬರೇ ಪೆಟ್ರೋಲ್ ಹಾಕಿಸಿ ಗಾಡಿ ಓಡಿಸಕ್ಕೆ ನಮಗೂ ಕಷ್ಟ, ಒಂದು ಸಲ ನೀವು ಹಾಕಿಸಿ ಒಂದು ಸಲ ನಾವು, ಅಂದೆ. ಅವರ ಮುಖ ಸಡಿಲವಾಯಿತು. "ಹಾಗಾದ್ರೆ ಸರಿ. ಪೆಟ್ರೋಲ್ ಉಳಿಯತ್ತೆ ಅನ್ನೋದಾದ್ರೆ ಸರಿ." ನೋಡಿ, ಇಬ್ಬರೂ ಒಂದೇ ಮಾತಿನ ಹಿಂದೆ ಅಡಗಿ ಕೂತರು. ಇಡೀ ಊರು ಬೆಲೆಯೇರಿಕೆಗೆ ಶಾಪ ಹಾಕುತ್ತಿದ್ದಾಗ ನಾನೊಬ್ಬಳೇ ಒಳಗೊಳಗೇ ಅದಕ್ಕೆ ಕೈ ಮುಗಿದೆ.

ಮಾರನೆಯ ದಿನದಿಂದ ನಮ್ಮ ಸವಾರಿ ಹೊರಟಿತು. ಕಾರು ಅವರ ಗೇಟಿನ ಮುಂದೆ ನಿಂತಾಗ ಬಲಗಡೆ ಬಾಗಿಲು ಗೇಟಿಗೆ ಹತ್ತಿರ, ಹಾಗಾಗಿ ಲಲಿತ ಹಿಂದಿನ ಬಲ ಕಿಟಕಿಯ ಪಕ್ಕ. ಅವಳ ಎಡಕ್ಕೆ ನಾನು. ಮುಂದೆ ಇಬ್ಬರು ಗಂಡಸರು, ಒಬ್ಬರನ್ನೊಬ್ಬರು ನೋಡದೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯಬಾರದೆಂದು ಹೆದರಿದ ಹುಡುಗರ ಹಾಗೆ ನೇರ ದೃಷ್ಟಿ. ಚಿಕಿತ್ಸೆ ಮುಗಿದ ಮೇಲೆ ಲಲಿತ ಬಸವೇಶ್ವರನಗರದಲ್ಲಿ ಗುರುಮೂರ್ತಿಯವರ ಅಕ್ಕನ ಮನೆಯಲ್ಲಿ ಇರುವಳು. ಸಂಜೆ ಎಲ್ಲರೂ ಒಟ್ಟಿಗೇ ವಾಪಸ್.

"ಸರೋಜಾ, ಬಾಗ್ಲು ಮೆಲ್ಲಗೆ ಹಾಕ್ಬೇಕು ಅಂತ ಅವರಿಗೆ ಹೇಳು," ಅನ್ನುವರು ನಟರಾಜ್.

"ಮೇಡಂ, ಮೆಲ್ಲಗೆ ಹಾಕಿದ್ರೆ ಈ ಬಾಗ್ಲು ಹಿಡ್ಕೊಳಲ್ಲ ಅಂತ ಅವರಿಗೆ ಹೇಳಿ," ಅನ್ನುವರು ಗುರುಮೂರ್ತಿ. ಇಬ್ಬರ ನಡುವೆ ಇದ್ದದ್ದು ಒಂದು ಗೇರ್ ಕಡ್ಡಿ.

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಅಂತ ರೇಗಿದರೂ ಎರಡೂ ಕಡೆಗೆ ಸುದ್ದಿ ಮುಟ್ಟಿಸುತ್ತಿದ್ದೆ. ಲಲಿತ ನನ್ನ ಕಡೆ ತಿರುಗುವಳು. ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನಗುತ್ತಿತ್ತು.

ಮಳೆಗಾಲ ಜೋರಾಯಿತು. ಎಸಿ ಇಲ್ಲವಲ್ಲ, ಮಳೆ ಬಂದರೆ ಕಿಟಕಿ ಏರಿಸಬೇಕು, ಗಾಜು ಮಂಜು ಕಟ್ಟಿದರೆ ಇಳಿಸಬೇಕು, ಮತ್ತೆ ಏರಿಸಬೇಕು. ದಿನಕ್ಕೆ ಎಷ್ಟು ಸಲ ಅಂತ ಇಲ್ಲ. ನಾನು ಲಲಿತಳ ಮೈಮೇಲೆ ಬಾಗಿ ಅವಳ ಕಡೆಯ ಹಿಡಿ ತಿರುಗಿಸುತ್ತಿದ್ದೆ. ಅವಳ ಬಲಗೈಯನ್ನು ಗುರುಮೂರ್ತಿ ಎತ್ತಿ ಆ ಹಿಡಿಯ ಮೇಲೆಯೇ ಇಟ್ಟು ಬಾಗಿಲು ಹಾಕುತ್ತಿದ್ದರು, ಕೈ ಕೆಳಗೆ ಜೋತು ಬೀಳದಿರಲಿ ಅಂತ. ಒಂದು ದಿನ ನಾನು ತಿರುಗಿಸಲು ಹೋದಾಗ ಅವಳ ಬೆರಳು ಹಿಡಿಯ ಮೇಲೆ ಮೆಲ್ಲಗೆ ಬಿಗಿಯಾದ ಹಾಗೆ ಅನ್ನಿಸಿತು. ಭ್ರಮೆ ಅಂದುಕೊಂಡೆ. ಆದರೂ ಆಮೇಲೆ ನನ್ನ ಕೈಯನ್ನು ಅವಳ ಕೈ ಮೇಲಿಟ್ಟು ಇಬ್ಬರೂ ಸೇರಿ ತಿರುಗಿಸತೊಡಗಿದೆವು. ಫಿಸಿಯೋ ಹುಡುಗಿಗೆ ಹೇಳಿದಾಗ ಅವಳು, "ಅಯ್ಯ, ಭಾಳ ಚಲೋ ಆತಲ್ರಿ! ಹಂಗ ಮಾಡ್ರಿ, ನಮ್ಮ ಮಷೀನಿಗಿಂತ ಅದೇ ಛಂದ," ಅಂದಳಂತೆ.

ಸಿಗ್ನಲ್ಲಿನಲ್ಲಿ ಎಂಜಿನ್ ನಿಂತಾಗ ಕಾರಿನೊಳಗೆ ಒಂದು ಥರದ ಮೌನ ಕವಿಯುತ್ತಿತ್ತು. ಇಬ್ಬರು ಮುನಿಸಿಕೊಂಡವರು, ಒಬ್ಬಳು ಮಾತು ಕಳೆದುಕೊಂಡವಳು. ನನಗೆ ಮೌನ ಅಂದರೆ ಆಗದು, ಇಡೀ ದಿನ ಕ್ಲಾಸಿನಲ್ಲಿ ಕೂಗುವವಳು. ಕಾಮಾಕ್ಷಿಪಾಳ್ಯದಲ್ಲಿ ಒಂದು ದಿನ ಎದುರಿನ ಬೋರ್ಡ್ ತೋರಿಸಿ, "ಓದೇ ಲಲಿತ," ಅಂದೆ, ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ. ಅವಳು ಮಾಸ್ಕ್ ಕೆಳಗೆ ಸರಿಸಿಕೊಂಡಳು. ತುಟಿ ಒತ್ತಿದಳು. "ಬೇ..." ಅಂದಳು. ಹಸಿರು ಬಿತ್ತು, ಗಾಡಿ ಹೊರಟಿತು, 'ಕರಿ' ಹಿಂದೆಯೇ ಉಳಿಯಿತು. ಮುಂದಿನ ಸವಾರಿಯಲ್ಲಿ ಮತ್ತೆ ಅಲ್ಲೇ "ಬೇ... ಕ..." ಅದರ ಮುಂದಿನ ವಾರ 'ಬೇಕರಿ' ಪೂರ್ತಿಯಾಗಿ ಬಂತು. ಆಮೇಲೆ ಸವಾರಿಗೊಂದು ಬೋರ್ಡ್. ಹಿಟ್ಟಿನ ಗಿರಣಿ. ಹೂವಿನ ಅಂಗಡಿ. ಪಂಕ್ಚರ್ ಅವಳಿಗೆ ಬಹಳ ಕಾಟ ಕೊಟ್ಟಿತು.

ಆಗ ನಾನೊಂದು ಗಮನಿಸಿದೆ. ನಟರಾಜ್ ಈಗ ಚಿಕ್ಕ ಸಿಗ್ನಲ್ಲಿನಲ್ಲೂ ಎಂಜಿನ್ ಆಫ್ ಮಾಡುತ್ತಿದ್ದರು. ಹಸಿರು ಬಿದ್ದ ಮೇಲೂ ಕೀಲಿ ತಿರುಗಿಸಲು ತಡ ಮಾಡುತ್ತಿದ್ದರು. ಹಿಂದಿನಿಂದ ಹಾರ್ನ್ ಬಾರಿಸಿದರೆ ಕ್ಯಾರೇ ಅನ್ನುತ್ತಿರಲಿಲ್ಲ. ಕಣ್ಣು ಮೇಲಿನ ಕನ್ನಡಿಯಲ್ಲಿ, ಲಲಿತಳ ತುಟಿಯ ಮೇಲೆ. ಅವಳು ಓದಿ ಮುಗಿಸಿದ ಮೇಲೆಯೇ ಗಾಡಿ ಕದಲುತ್ತಿತ್ತು. ಹಾಗೆ ಪದೇ ಪದೇ ಆರಿಸಿ ಹೊತ್ತಿಸಿದರೆ ಉಳಿದ ಪೆಟ್ರೋಲೂ ಹೋಗುತ್ತದೆ ಅಂತ ನಮಗೆಲ್ಲ ಪಾಠ ಹೇಳಿದ್ದವರು ಅವರೇ. ನಾನು ನೆನಪಿಸಲು ಹೋಗಲಿಲ್ಲ. ಇನ್ನೊಂದು ದಿನ ನೋಡಿದರೆ ರಸ್ತೆಯ ಮೇಲಿನ ಎರಡು ಕುಂಡವೂ ಇಲ್ಲ, ಕಾರು ಲಲಿತಳ ಮೆಟ್ಟಿಲಿಗೆ ಇನ್ನೂ ಹತ್ತಿರ ನಿಂತಿದೆ. ದಾಸವಾಳ ನಮ್ಮ ತಾರಸಿಗೆ ಹೋಗಿತ್ತು.

"ಏನ್ರೀ ಇದು?" ಅಂದೆ.

"ಕೆಳಗೆ ಗಿಡಕ್ಕೆ ಬಿಸಿಲು ಸಾಲ್ತಿರ್ಲಿಲ್ಲ," ಅಂದರು.

ಹಾಗೆ ಸಿಕ್ಕಸಿಕ್ಕಲ್ಲಿ ಎಂಜಿನ್ ಆರಿಸಿದ್ದಕ್ಕೆ ಹಳೇ ಬ್ಯಾಟರಿ ಸೇಡು ತೀರಿಸಿಕೊಂಡಿತು. ದಸರಾ ಕಳೆದ ಮೇಲಿನ ಒಂದು ಸಂಜೆ, ಸುಮನಹಳ್ಳಿ ಸಿಗ್ನಲ್ಲು, ಆಕಾಶವೇ ಕಳಚಿ ಬೀಳುವಂಥ ಮಳೆ ಆಗಷ್ಟೇ ಶುರುವಾಗಿತ್ತು. ಹಸಿರು ಬಿತ್ತು. ಕೀಲಿ ತಿರುಗಿಸಿದರು, ಕರ್ರ್ ಅಂದಿತು. ಮತ್ತೆ ತಿರುಗಿಸಿದರು, ಅದೂ ಇಲ್ಲ. ಹಿಂದಿನಿಂದ ಹಾರ್ನೋ ಹಾರ್ನು. "ಏನ್ ಗುರು, ನಡುರಸ್ತೇಲಿ ಸೈಟ್ ತಗೊಂಡಿದೀಯಾ?" ಅಂತ ಒಬ್ಬ ಬೈಕಿನವನು ಕೂಗಿ ಹೋದ.

ಗುರುಮೂರ್ತಿ ಬಾಗಿಲು ತೆರೆದು ಮಳೆಗೆ ಇಳಿದರು. ನಟರಾಜ್ ನನ್ನನ್ನು ಸ್ಟೀರಿಂಗಿಗೆ ಕೂರಿಸಿ, "ಸೆಕೆಂಡ್ ಗೇರ್, ಕ್ಲಚ್ ಒತ್ತಿರು, ನಾನು ಕೂಗಿದಾಗ ಬಿಡು," ಅಂತ ಹೇಳಿ ಅವರೂ ಹಿಂದಕ್ಕೆ ಓಡಿದರು. ನನಗೆ ಲೈಸೆನ್ಸ್ ಇದೆ, ಡ್ರೈವಿಂಗ್ ಸ್ಕೂಲಿನ ನಂತರ ಕಾರು ಮುಟ್ಟಿರಲಿಲ್ಲ. ಹಿಂದಿನಿಂದ ಧ್ವನಿ ಕೇಳಿಸಿತು.

"ನೇರ ತಳ್ಳೀ ಸಾರ್, ಎಡಕ್ಕೆ ಹೋಗ್ತಿದೆ!"

"ನಾನ್ ನೇರವಾಗೇ ತಳ್ತಿದೀನಿ, ಎಡಕ್ಕೆ ತಳ್ತಿರೋದು ನೀವು!"

ಇಷ್ಟು ವರ್ಷಗಳ ಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದರು, ಅದೂ ಜಗಳವೇ. ನಗಲೂ ನನಗೆ ಪುರುಸೊತ್ತಿರಲಿಲ್ಲ. ಬಲಗಡೆಯಿಂದ ಬೀಸಿದ ಮಳೆ ಲಲಿತಳ ಕಿಟಕಿಯಿಂದ ನುಗ್ಗುತ್ತಿತ್ತು. ಅವಳ ತಲೆ, ಭುಜ, ಸೀರೆ ಎಲ್ಲ ಒದ್ದೆ. ನಾನು ಸ್ಟೀರಿಂಗ್ ಬಿಟ್ಟು ಹಿಂದಕ್ಕೆ ಕೈ ಚಾಚುವ ಹಾಗಿರಲಿಲ್ಲ. "ಲಲಿತ, ಈ ಕಡೆ ಸರಿದುಕೋ, ನೆನೀತಿದೀಯ!" ಅಂತ ಕೂಗಿದೆ. ಅವಳು ಸರಿಯಲಿಲ್ಲ. ಮೇಲಿನ ಕನ್ನಡಿಯಲ್ಲಿ ನೋಡಿದೆ. ಅವಳ ಹುಬ್ಬು ಗಂಟಿಕ್ಕಿತ್ತು, ಹಲ್ಲು ಕಚ್ಚಿದ್ದಳು, ಭುಜ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅವಳ ಪಕ್ಕದ ಗಾಜು ಒಂದು ಬೆರಳಷ್ಟು ಏರಿತು. ನಿಂತಿತು. ಇನ್ನೊಂದು ಬೆರಳು ಏರಿತು.

"ಬಿಡೇ ಕ್ಲಚ್ಚು! ಬಿಡೇ!" ಅಂತ ನಟರಾಜ್ ಕಿರುಚುತ್ತಿದ್ದರು. ಬಿಟ್ಟೆ. ಗಾಡಿ ಎಗರಿ, ಕೆಮ್ಮಿ, ಹೊತ್ತಿಕೊಂಡಿತು. ಹೇಗೋ ರಸ್ತೆಯ ಪಕ್ಕಕ್ಕೆ ತಂದು, ಎಂಜಿನ್ ಆರದ ಹಾಗೆ ಆಕ್ಸಿಲರೇಟರ್ ಒತ್ತಿಕೊಂಡೇ ಹಿಂದೆ ತಿರುಗಿದೆ. ಗಾಜು ಮೇಲಿನವರೆಗೂ ಏರಿತ್ತು. ಎಡಗೈ ಅವಳ ತೊಡೆಯ ಮೇಲೆ ಇತ್ತು. ಬಲಗೈ ಇನ್ನೂ ಹಿಡಿಯ ಮೇಲೆಯೇ ನಡುಗುತ್ತಿತ್ತು.

"ಮ... ಳೆ," ಅಂದಳು ಲಲಿತ. ಯಾವ ಬೋರ್ಡಿನಲ್ಲೂ ಬರೆದಿರದ ಮಾತು.

ಗಂಡಸರಿಬ್ಬರೂ ತೊಪ್ಪೆಯಾಗಿ ಬಂದರು, ನಟರಾಜ್‌ಗೆ ಸ್ಟೀರಿಂಗ್ ಬಿಟ್ಟುಕೊಟ್ಟು ನಾನು ಹಿಂದೆ ಹೋಗಿ ಕೂತೆ. ಕಿಟಕಿ ತೋರಿಸಿದೆ. ಗುರುಮೂರ್ತಿ ಆ ಗಾಜನ್ನೂ ಆ ಕೈಯನ್ನೂ ನೋಡಿದರು. ಹಿಂದಕ್ಕೆ ಕೈ ಚಾಚಿ ಹೆಂಡತಿಯ ಬೆರಳು ಹಿಡಿದುಕೊಂಡು, ಮನೆ ಬರುವವರೆಗೂ ಬಿಡಲಿಲ್ಲ. ಮಾರನೆಯ ದಿನ ಹೊಸ ಬ್ಯಾಟರಿ ಬಂತು. ಗಂಡಸರಿಬ್ಬರ ನಡುವೆ ಮಾತ್ರ ಮತ್ತೆ ಅದೇ ಎಕ್ಸ್‌ಚೇಂಜು. ಮಳೆಯಲ್ಲಿ ಬಾಯಿತಪ್ಪಿ ಆಡಿದ್ದಕ್ಕೆ ಇಬ್ಬರಿಗೂ ನಾಚಿಕೆಯಾದಂತಿತ್ತು.

ದೀಪಾವಳಿಯ ಹೊತ್ತಿಗೆ ಸರ್ಕಾರದವರು ಪೆಟ್ರೋಲ್ ಬೆಲೆ ಇಳಿಸಿದರು. ಬೀದಿಯವರೆಲ್ಲ ಹಬ್ಬಕ್ಕೆ ಉಡುಗೊರೆ ಸಿಕ್ಕಿತು ಅಂತ ಕುಣಿದರು. ನಾನು ಕುಣಿಯಲಿಲ್ಲ. ಲಲಿತಳ ಕೈ ಆಗಷ್ಟೇ ಏಳುತ್ತಿದೆ, ಕಾಲು ಇನ್ನೂ ಎಳೆಯುತ್ತಿದೆ, ಮಾತು ಒಂದೊಂದೇ ಹೊರಗೆ ಬರುತ್ತಿದೆ. ಇನ್ನೂ ಒಂದೆರಡು ತಿಂಗಳು ತಪ್ಪಿಸಬಾರದು ಅಂತ ಆ ಹುಡುಗಿ ಪ್ರತಿ ಸಲವೂ ಹೇಳುತ್ತಿದ್ದಳು. ಇಬ್ಬರು ಹಟಮಾರಿಗಳು ಅಡಗಿ ಕೂತಿದ್ದ ನೆಪ ಈಗ ಹೋಯಿತಲ್ಲ! ಹಬ್ಬದ ದಿನಗಳಲ್ಲಿ ನಟರಾಜ್ ಆ ವಿಷಯ ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಹೋಳಿಗೆ ತಟ್ಟುವಾಗಲೂ ನನಗೆ ಅದೇ ಚಿಂತೆ.

ರಜೆ ಮುಗಿದ ಬೆಳಿಗ್ಗೆ ಹೊರಗೆ ಬಂದರೆ ಹೆದರಿದ್ದೇ ಆಗಿತ್ತು. ಗುರುಮೂರ್ತಿ ಲಲಿತಳನ್ನು ಆನಿಸಿಕೊಂಡು ಗೇಟಿನ ಬಳಿ ನಿಂತಿದ್ದರು, ಇನ್ನೊಂದು ಕೈಯಲ್ಲಿ ಫೋನು. ಆಟೋ ಬುಕ್ ಮಾಡುತ್ತಿದ್ದರು. ನಟರಾಜ್ ಕಾರು ತಂದು ಅವರ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೆಳಗಿಳಿದರು.

ಗುರುಮೂರ್ತಿ ನನ್ನ ಕಡೆ ತಿರುಗಿದರು. "ಮೇಡಂ, ಅವರಿಗೆ ಹೇಳಿ. ಇಷ್ಟು ದಿನ ದೊಡ್ಡ ಉಪಕಾರ ಆಯ್ತು. ಈಗ ರೇಟ್ ಇಳಿದಿದೆ, ಶೇರ್ ಮಾಡೋ ಅಗತ್ಯ ಅವರಿಗೂ ಇರಲ್ಲ. ಸುಮ್ನೆ ನಮ್ಮ ಹೊರೆ ಯಾಕೆ? ನಾವು ಹೇಗೋ ನೋಡ್ಕೋತೀವಿ."

ನಟರಾಜ್ ನನ್ನ ಮುಖ ನೋಡಿದರು, ನಾನು ದಾಟಿಸಲಿ ಅಂತ.

"ನಾನ್ ಹೇಳಲ್ಲ," ಅಂದೆ. "ಎಕ್ಸ್‌ಚೇಂಜ್ ಮುಚ್ಚಿದೆ. ಇಬ್ಬರಿಗೂ ಬಾಯಿದೆ. ಮಾತಾಡಕ್ಕೆ ಒದ್ದಾಡ್ತಿರೋಳು ಅಲ್ಲಿ ನಿಂತಿದಾಳೆ, ಅವಳನ್ನ ನೋಡಿಯಾದ್ರೂ ಬಾಯಿ ಬಿಡಿ."

ಕೋಪದಲ್ಲಿ ನನ್ನ ಧ್ವನಿ ಬೀದಿಗೆಲ್ಲ ಕೇಳಿಸಿರಬೇಕು. ಎದುರು ಮನೆಯವರು ಕಸಬರಿಕೆ ಹಿಡಿದುಕೊಂಡು ಹಾಗೇ ನಿಂತರು. ನಟರಾಜ್ ಗಂಟಲು ಸರಿಮಾಡಿಕೊಂಡರು. ಕಾರಿನ ಬಾನೆಟ್ ಒರೆಸಿದರು, ಅಲ್ಲಿ ಧೂಳೇನೂ ಇರಲಿಲ್ಲ.

"ಗುರುಮೂರ್ತಿ," ಅಂದರು ಕೊನೆಗೆ. "ಇಳಿದಿರೋದು ಒಂದಿಷ್ಟು. ಇನ್ನೂ ತುಂಬಾ ಇಳೀಬೇಕು. ಅಲ್ಲೀವರ್ಗೂ ಒಟ್ಟಿಗೇ ಹೋಗೋಣ."

"ಇನ್ನೂ ಅಂದ್ರೆ... ಎಲ್ಲೀವರ್ಗೂ?"

"ನಾವು ಕಾಲೇಜಿಗೆ ಹೋಗ್ತಿದ್ದಾಗ ಎಷ್ಟಿತ್ತು? ಅಲ್ಲೀವರ್ಗೂ."

ಆ ರೇಟು ಈ ಜನ್ಮದಲ್ಲಿ ಬರುವುದಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗುರುಮೂರ್ತಿ ಫೋನ್ ಜೇಬಿಗೆ ಹಾಕಿಕೊಂಡರು. ನಟರಾಜ್ ಬಂದು ಲಲಿತಳ ಇನ್ನೊಂದು ತೋಳು ಹಿಡಿದರು. ಇಬ್ಬರೂ ಸೇರಿ ಅವಳನ್ನು ಕೂರಿಸಿದರು.

ಆ ಖುಷಿಗೋ ಏನೋ, ಹೊರಟ ಕೂಡಲೇ ನಮ್ಮ ಜಿಪುಣಾಗ್ರೇಸರರು ಎಸಿ ಹಾಕಿಬಿಟ್ಟರು! ತಣ್ಣನೆ ಗಾಳಿ ಬಂತು. ನಾವೆಲ್ಲ ಕಿಟಕಿ ಏರಿಸಿಕೊಂಡು ದೊಡ್ಡಮನುಷ್ಯರ ಹಾಗೆ ಕೂತೆವು. ಬೀದಿಯ ತಿರುವಿನಲ್ಲಿ ಹಿಂದಿನ ಸೀಟಿನಿಂದ ಧ್ವನಿ ಬಂತು.

"ನಟಣ್ಣ."

ಕಾರು ತಾನಾಗಿ ನಿಧಾನವಾಯಿತು. ಎಷ್ಟು ವರ್ಷವಾಗಿತ್ತು ಆ ಹೆಸರು ಕೇಳಿ. ಅವಳು ಮುಂದಿನ ಮಾತಿಗೆ ತಡಕಾಡುತ್ತಿದ್ದಳು.

"ನಟಣ್ಣ... ಎಸಿ... ಬೇಡ," ಅಂದಳು. ಅನ್ನುತ್ತಲೇ ಬಲಗೈಯಿಂದ ಹಿಡಿ ತಿರುಗಿಸಿ, ಸ್ವಲ್ಪ ಸ್ವಲ್ಪವೇ ತನ್ನ ಕಿಟಕಿ ಇಳಿಸಿಕೊಂಡಳು.

"ಆಯ್ತಮ್ಮ," ಅಂದರು ನಟರಾಜ್. ಎಸಿ ಆರಿಸಿದರು. ನಾವೂ ನಮ್ಮ ನಮ್ಮ ಕಿಟಕಿ ಇಳಿಸಿದೆವು.

ಮೊನ್ನೆ ಬಂಕಿನಲ್ಲಿ ಇವನ್ನೆಲ್ಲ ನೆನೆಯುತ್ತ ಕೂತವಳನ್ನು ಮಳೆಯೇ ಎಚ್ಚರಿಸಿತು. ಮುಂದಿನ ಸೀಟಿನಿಂದ ಗುರುಮೂರ್ತಿ ಇಳಿದು, ಈ ಸಲ ಪೆಟ್ರೋಲ್ ತಮ್ಮ ಸರದಿ ಅಂತ ನಟರಾಜ್ ಜೊತೆ ಜಗಳಕ್ಕೆ ನಿಂತಿದ್ದರು. ಮಳೆ ಜೋರಾಗಿ ಬಲಗಡೆಯಿಂದ ಒಳಕ್ಕೆ ಎರಚುತ್ತಿತ್ತು. ಹಳೇ ಅಭ್ಯಾಸ, ನಾನು ಪಕ್ಕದವಳ ಮೈಮೇಲೆ ಬಾಗಿ ಆ ಕಿಟಕಿಗೆ ಕೈ ಚಾಚಿದೆ. ಲಲಿತ ನನ್ನ ಕೈಗೆ ಪಟಾರನೆ ಒಂದು ಏಟು ಕೊಟ್ಟಳು, ಬಲಗೈಯಿಂದಲೇ. ಚುರುಗುಟ್ಟಿತು.

"ತೆಗಿ ಕೈ," ಅಂದಳು. "ನನ್ ಕಿಟಕಿ ಕಣೇ ಅದು."